ಉಳಿದ ಮಾತ್ರೆ ಎಲ್ಲಿ ಹಾಕೋದು? ಫಾರ್ಮಸಿಸ್ಟ್‌ ಜೊತೆ ಪ್ರಶ್ನೋತ್ತರ

ಜಯನಗರ: ಎಕ್ಸ್‌ಪೈರಿ ಆದ ಬಿಪಿ ಮಾತ್ರೆ ಒಂದು ಡಬ್ಬ ಇದೆ. ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಬಹುದಾ?

ಫಾರ್ಮಸಿಸ್ಟ್: ಬೇಡ. ಒಳಚರಂಡಿ ನೀರು ಶುದ್ಧಿ ಮಾಡೋ ಘಟಕಗಳನ್ನ ಔಷಧ ತೆಗೆಯೋಕೆ ಅಂತ ಕಟ್ಟಿಲ್ಲ. ಕರಗಿದ್ದು ಕೆರೆಗೆ ಸೇರುತ್ತೆ. ಕಾಫಿ ಚರಟದ ಜೊತೆ ಕಲಸಿ, ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಅಪಾಯಕಾರಿ ಕಸ ಅಂತ ಬರೆದು ಬೇರೆಯಾಗಿ ಕೊಡಿ. 2016ರ ಘನತ್ಯಾಜ್ಯ ನಿಯಮದಲ್ಲೂ ಅವಧಿ ಮೀರಿದ ಔಷಧ ಆ ಪಟ್ಟಿಯಲ್ಲೇ ಇತ್ತು.

ಕೋಲಾರ: ಸಿರಪ್ ಸಿಂಕ್‌ಗೆ ಸುರಿಬಹುದಾ?

ಫಾರ್ಮಸಿಸ್ಟ್: ಇಲ್ಲ. ಮೇಲೆ ಓದಿ.

ಶಿರಸಿ: ಮಾವ ಕ್ಯಾನ್ಸರ್‌ನಿಂದ ಹೋದ ವಾರ ತೀರಿಕೊಂಡರು. ನೋವಿಗೆ ಮೈಗೆ ಅಂಟಿಸೋ ಫೆಂಟನಿಲ್ ಪ್ಯಾಚ್ ಮೂರು ಉಳಿದಿವೆ, ತೆಗೆದವು ಬಚ್ಚಲ ಕಸದ ಬುಟ್ಟಿಯಲ್ಲಿವೆ. ಟಾಯ್ಲೆಟ್ ಗುಂಡಿ ಬಾವಿ ಹತ್ತಿರವೇ. ಮನೇಲಿ ಎರಡು ವರ್ಷದ ಮಗು.

ಫಾರ್ಮಸಿಸ್ಟ್: ಮೊದಲು ಆ ಬುಟ್ಟಿ ಎತ್ತಿ ಮಗುವಿನ ಕೈಗೆ ಸಿಗದ ಕಡೆ ಇಡಿ, ಆಮೇಲೆ ಮುಂದೆ ಓದಿ. ಮೂರು ದಿನ ಮೈಮೇಲಿದ್ದು ತೆಗೆದ ಪ್ಯಾಚ್‌ನಲ್ಲೂ ಔಷಧ ಸಾಕಷ್ಟು ಉಳಿದಿರುತ್ತೆ. ಮಗು ಬಾಯಿಗೆ ಹಾಕ್ಕೊಂಡ್ರೆ, ಮೈಗೆ ಅಂಟಿಸ್ಕೊಂಡ್ರೆ ಉಸಿರು ನಿಲ್ಲಬಹುದು. ಅಂಟಿನ ಬದಿ ಒಳಗೆ ಬರೋ ಹಾಗೆ ಮಡಚಿ ಒತ್ತಿ. ಕೈ ಬರೀ ನೀರಲ್ಲಿ ತೊಳೀರಿ, ಸೋಪು ಬೇಡ. ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ. ಇವತ್ತೇ ವಾಪಸ್ ತಗೊಂಡ್ರೆ ನಿಮ್ಮ ಬಾವಿಗೂ ಒಳ್ಳೇದು. ಆಗಲ್ಲ ಅಂದ್ರೆ ಮಡಚಿದವನ್ನ ಫ್ಲಶ್ ಮಾಡಿ. ಜಯನಗರದವರಿಗೆ ಬೇಡ ಅಂದಿದ್ದು ಬೇರೆ, ಇದು ಬೇರೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟ ಫ್ಲಶ್ ಮಾಡಬೇಕಾದ 17 ಔಷಧಗಳ ಪಟ್ಟಿಯಲ್ಲಿ ಫೆಂಟನಿಲ್ ಇದೆ. ಬಾವಿಗಿಂತ ಮಗು ಮೊದಲು. ಬುಟ್ಟಿ ಎತ್ತಿದ್ರಾ?

ಮಂಡ್ಯ: ಫಾರ್ವರ್ಡ್ ಬಂದಿದೆ ನೋಡಿ: ಹಳೇ ಮಾತ್ರೆ ಪುಡಿ ಗುಲಾಬಿ ಗಿಡಕ್ಕೆ ಗೊಬ್ಬರ. ನೀರಿಗೆ ತುಳಸಿ ಹಾಕಿ ಕುದಿಸಿದ್ರೆ ಔಷಧದ ಅಂಶ ಹೋಗುತ್ತೆ.

ಫಾರ್ಮಸಿಸ್ಟ್: ಎರಡೂ ಸುಳ್ಳು. ಆಂಟಿಬಯಾಟಿಕ್ ಮಣ್ಣಿಗೆ ಬಿದ್ರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತೆ. ಕುದಿಸಿ ಔಷಧ ತೆಗೆಯೋಕಾಗಲ್ಲ. ಇಂಥದ್ದು ಇಲ್ಲಿ ಹಾಕ್ಬೇಡಿ.

ಬಳ್ಳಾರಿ: ನಮ್ಮ ನಾಲ್ಕು ಮಾತ್ರೆಗೆ ಇಷ್ಟು ಪಾಠ! ಹೈದರಾಬಾದ್ ಹತ್ತಿರ ಪಟಾನ್‌ಚೆರುವಲ್ಲಿ ಔಷಧ ಕಾರ್ಖಾನೆಗಳ ಸಂಸ್ಕರಿಸಿದ ನೀರಲ್ಲೇ ಲೀಟರ್‌ಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಇದ್ದಿದ್ದು 2007ರಲ್ಲೇ ಬಯಲಾಯ್ತು. ಅವರನ್ನ ಕೇಳಿ.

ಜಯನಗರ: ಅವರು ಮಾಡಿದ್ರೆ ನಾವೂ ಮಾಡ್ಬೇಕಾ? ಕೋಝಿಕ್ಕೋಡ್‌ನಲ್ಲಿ ಕೇರಳ ಸರ್ಕಾರ ಮನೆಗಳಿಂದ ಉಳಿದ ಔಷಧ ಸಂಗ್ರಹಿಸ್ತಿದೆ.

ಬಳ್ಳಾರಿ: ಹಾಗಾದ್ರೆ ಅಲ್ಲಿಗೇ ಹೋಗಿ.

ಧಾರವಾಡ: ಇನ್ಸುಲಿನ್ ಸೂಜಿ ಏನ್ ಮಾಡಬೇಕ್ರೀ? ಎರಡನೇ ಸಲ ಕೇಳಾಕತ್ತೀನಿ.

ಮಂಡ್ಯ: ತುಳಸಿ ಬಗ್ಗೆ ಹಗುರವಾಗಿ ಮಾತಾಡ್ಬೇಡಿ.

ಫಾರ್ಮಸಿಸ್ಟ್: ತುಳಸಿಗೆ ನಾನೇನೂ ಅಂದಿಲ್ಲ. ಶಿರಸಿಯವರೇ, ಬುಟ್ಟಿ?

ಶಿರಸಿ: ಎತ್ತಿಟ್ಟೆ ಸರ್. ಎರಡು ಪ್ಯಾಚ್ ಒಂದಕ್ಕೊಂದು ಅಂಟಿವೆ, ಬಿಡಿಸ್ಬೇಕಾ?

ಫಾರ್ಮಸಿಸ್ಟ್: ಬೇಡ, ಹಾಗೇ ಇರಲಿ. ಆಸ್ಪತ್ರೆಯವರು ಫೋನ್ ಎತ್ತಿದ್ರಾ?