ತೋಟೆಯಲ್ಲಿ ಐದು ಥೌ ಓಲಾಟ: ಬಗ್ಗಿಸಿ ನೆಟ್ಟಗೆ ಮಾಡಲೇ?

ವಿರಾಜಪೇಟೆಯವ:
ಇದು ಕ್ರಿಕೆಟ್ಟಿನ ರನ್‌ಔಟ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ; ಹೊರಳಿಸಿದಾಗ ತೋಟೆ ನಡುಗೆರೆ ಬಿಟ್ಟು ಓಲಾಡುವುದಕ್ಕೂ ಅದೇ ಹೆಸರು. ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು. ಈಗ ಟೆಕ್ಸಸ್‌ನಲ್ಲಿದ್ದೇನೆ, ಕಾಗದದ ಗುರಿಯ ಹುಚ್ಚು ಹಿಡಿದಿದೆ. .308 ವಿಂಚೆಸ್ಟರ್ ರೈಫಲ್ಲಿಗೆ ಎರಡು ವರ್ಷದಿಂದ ಗ್ಯಾರೇಜಿನಲ್ಲಿ ನಾನೇ ತೋಟೆ ತುಂಬುತ್ತೇನೆ. 100 ಗಜದಲ್ಲಿ ಐದರಲ್ಲಿ ಮೂರು ಗುಂಡು ಒತ್ತೊತ್ತಾಗಿ ಬೀಳುತ್ತವೆ, ಉಳಿದೆರಡು ಮುನಿಸಿಕೊಂಡ ನೆಂಟರಂತೆ ಒಂದಂಗುಲ ಆಚೆ. ತೋಟೆಯನ್ನು ವಿ-ಬ್ಲಾಕಿನ ಮೇಲೆ ಹೊರಳಿಸಿದರೆ ಡಯಲ್ ಗೇಜಿನ ಮುಳ್ಳು ನಾಲ್ಕರಿಂದ ಆರು ಥೌ (ಒಂದು ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ಆಡುತ್ತದೆ. ಓರೆಯಾದ ಗುಂಡನ್ನು ಒತ್ತಿ ನೆಟ್ಟಗೆ ಮಾಡುವ ಸಾಧನವೊಂದಿದೆಯಲ್ಲ, ಕೊಳ್ಳಲೇ?

ಪೀಣ್ಯದ ಫಿಟ್ಟರ್:
ಕೋವಿ ಮುಟ್ಟಿದವನಲ್ಲ, ಲೇತ್ ಮುಂದೆ ಕೂದಲು ನರೆಸಿಕೊಂಡವನು. ಮುಳ್ಳು ಆರು ಥೌ ಆಡಿದರೆ ನಡುವು ಸರಿದಿರುವುದು ಮೂರೇ. ಗಾಬರಿ ಬೇಡ. ತಿದ್ದುವುದಕ್ಕೆ ಮೊದಲು ಅದು ಹುಟ್ಟಿದ್ದೆಲ್ಲಿ ಎಂದು ನೋಡಿ. ಹೊಡೆದ ಖಾಲಿ ಕೇಸ್ (ತೋಟೆಯ ಹಿತ್ತಾಳೆ ಕೊಳವೆ) ಅಳೆಯಿರಿ, ಅದನ್ನು ಒತ್ತಿ ಮತ್ತೆ ಅಳತೆಗೆ ತರುವ ಸೈಜಿಂಗ್ ಡೈಯಿಂದ ಬಂದ ಮೇಲೆ ಅಳೆಯಿರಿ, ಗುಂಡು ಕೂರಿಸಿದ ಮೇಲೆ ಮತ್ತೆ ಅಳೆಯಿರಿ. ಮುಳ್ಳು ಎಲ್ಲಿ ನೆಗೆಯಿತೋ ಅಲ್ಲೇ ಕಳ್ಳ.

ವಿರಾಜಪೇಟೆಯವ:
ಹತ್ತು ಕೇಸ್ ಅಳೆದೆ. ಹೊಡೆದವುಗಳಲ್ಲಿ ಕುತ್ತಿಗೆ, ಅಂದರೆ ಗುಂಡು ಕೂರುವ ತುದಿ, ಒಂದು ಥೌ ಆಡಿದರೆ ಹೆಚ್ಚು. ಸೈಜಿಂಗ್ ಆದೊಡನೆ ನಾಲ್ಕು! ಗುಂಡು ಕೂರಿಸಿದಾಗ ಇನ್ನೊಂದು ಸೇರುತ್ತದೆ, ಅಷ್ಟೆ. ರೈಫಲ್ ನೆಟ್ಟಗೆ ಕೊಟ್ಟದ್ದನ್ನು ನಾನೇ ಕೆಡಿಸುತ್ತಿದ್ದೇನೆ.

ಮೊಂಟಾನಾ ಕನ್ನಡಿಗ:
ಕಳ್ಳ ಡೈಯೊಳಗಿನ, ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಬಾಲ್. ಕೇಸನ್ನು ಹೊರಗೆಳೆಯುವಾಗ ಅದು ಕುತ್ತಿಗೆಯ ಒಳಮೈಯನ್ನು ಉಜ್ಜುತ್ತ ಬರುತ್ತದೆ, ಆ ಹೊತ್ತಿಗೆ ಹೊರಗಿನಿಂದ ಡೈಯ ಆಸರೆ ತಪ್ಪಿರುತ್ತದೆ. ಕುತ್ತಿಗೆ ಒಣಗಿದ್ದರೆ ಜಗ್ಗಿದ ಕಡೆಗೆ ವಾಲದೆ ಇನ್ನೇನು ಮಾಡೀತು? ಬ್ರಷ್ಷಿನಿಂದ ಒಳಗೆ ಗ್ರ್ಯಾಫೈಟ್ ಪುಡಿ ಸವರಿ. ಸಾಲದಿದ್ದರೆ ಬಾಲ್ ಕಳಚಿಟ್ಟು, ಮ್ಯಾಂಡ್ರೆಲ್ ಎಂಬ ನುಣುಪಾದ ಕಡ್ಡಿಯನ್ನು ಕೇಸಿನ ಬಾಯಿಯ ಮೂಲಕ ಒಳಕ್ಕೆ ತಳ್ಳಿ ಹಿಗ್ಗಿಸಿ. ಹಲವು ಡೈಗಳಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ಕೇಸಿನ ಬುಡದ ಪುಟ್ಟ ಬಟ್ಟಲು) ತಳ್ಳುವ ಸೂಜಿಯನ್ನು ಹಿಡಿದಿರುವುದೂ ಈ ಬಾಲೇ, ಆದ್ದರಿಂದ ಹಳೆಯ ಪ್ರೈಮರ್‌ಗಳನ್ನು ಬೇರೆ ಡೈಯಲ್ಲಿ ಮೊದಲೇ ತೆಗೆಯಿರಿ. ಗುಂಡನ್ನು ಒಂದೇ ಏಟಿಗೆ ಕೂರಿಸಬೇಡಿ: ಅರ್ಧ ಇಳಿಸಿ, ತೋಟೆಯನ್ನು ಅರ್ಧ ಸುತ್ತು ತಿರುಗಿಸಿ, ಪೂರ್ತಿ ಇಳಿಸಿ.
ಬಗ್ಗಿಸುವ ಸಾಧನ ನನಗೆ ಹಿಡಿಸದು. ಮುಳ್ಳು ಸುಮ್ಮನಾಗುತ್ತದೆ ನಿಜ, ಕುತ್ತಿಗೆಯ ಹಿಡಿತ ಸಡಿಲವಾದರೆ ಅದನ್ನು ಗೇಜು ಹೇಳುವುದಿಲ್ಲ. ಇನ್ನೊಂದು ಮಾತು. ಒಂದಂಗುಲ ಆಚೆ ಬೀಳುವುದಕ್ಕೆ ಈ ಓಲಾಟವೊಂದೇ ಕಾರಣ ಎಂದು ನಾನು ನಂಬಲಾರೆ. ಹೆಚ್ಚು ಓಲಾಡುವ ತೋಟೆಗಳಿಗೆ ಗುರುತು ಹಾಕಿ, ಬೇರೆಯಾಗಿ ಹೊಡೆದು ನೋಡಿ.

ಮಡಿಕೇರಿ ಹುಡುಗ:
ಅಣ್ಣ, ನಮ್ಮ ಮನೆಯ ಕೋವಿಗೂ ಹೀಗೆ ತುಂಬಬಹುದೇ?

ವಿರಾಜಪೇಟೆಯವ:
ಬೇಡ ತಮ್ಮ. ಕೊಡವರಾದ ನಮಗೆ ಪರವಾನಗಿಯ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟೆ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು.
ಉಳಿದವರಿಗೆ ಭಾನುವಾರದ ವರದಿ: ಗ್ರ್ಯಾಫೈಟ್ ಸವರಿದ್ದಕ್ಕೇ ಓಲಾಟ ಎರಡು ಥೌಗೆ ಇಳಿಯಿತು. ಗುರುತು ಹಾಕಿದ ಹಳೆಯ ಐದು ಒಂದೂಕಾಲು ಅಂಗುಲದೊಳಗೆ ಬಿದ್ದವು, ಹೊಸ ಐದರಲ್ಲಿ ನಾಲ್ಕು ಮುಕ್ಕಾಲು ಅಂಗುಲದೊಳಗೆ. ಐದನೆಯದು ಮತ್ತೆ ಆಚೆ. ಅದು ಒಂದೇ ಥೌ ಆಡಿದ್ದ ತೋಟೆ. ಟ್ರಿಗರ್ ಎಳೆಯುವಾಗ ನಾನು ಉಸಿರು ಬಿಟ್ಟೆನೆಂದು ಪಕ್ಕದ ಬೆಂಚಿನ ಅಜ್ಜ ಹೇಳಿದರು.