ಮಣ್ಣಿಂದ ಸ್ಟ್ರೆಪ್ಟೊಮೈಸಿಸ್ ಸಿಗ್ತಾನೇ ಇಲ್ಲ, ಪ್ಲೇಟ್ ತುಂಬಾ ಬೂಷ್ಟು. ದಯವಿಟ್ಟು ಸಹಾಯ ಮಾಡಿ

ಎಂಎಸ್ಸಿ_ಶಿರಸಿ:
ಎಲ್ರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಫೈನಲ್ ಇಯರ್, ಮಣ್ಣಲ್ಲಿರೋ ಆಕ್ಟಿನೊಮೈಸಿಟ್ಸ್ (ದಾರದ ಹಾಗೆ ಬೆಳೆಯೋ ಬ್ಯಾಕ್ಟೀರಿಯಾ, ಸ್ಟ್ರೆಪ್ಟೊಮೈಸಿಸ್ ಈ ಗುಂಪಿನದೇ) ಹಿಡಿದು ಅವು ಆಂಟಿಬಯಾಟಿಕ್ ಮಾಡ್ತಾವಾ ಅಂತ ನೋಡೋದು ನನ್ನ ಪ್ರಾಜೆಕ್ಟ್. ನಮ್ಮನೆ ಅಡಿಕೆ ತೋಟದ ಮಣ್ಣು ತಂದಿದೀನಿ. ಮೂರು ಸಲ ಪ್ಲೇಟ್ ಹಾಕಿದೆ (ಮಣ್ಣು ಕಲಸಿದ ನೀರನ್ನ ಅಗಾರ್ ತಟ್ಟೆ ಮೇಲೆ ಹರಡಿದೆ), ಮೂರು ಸಲವೂ ಎರಡನೇ ದಿನಕ್ಕೇ ಬ್ಯಾಸಿಲಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಹರಡ್ಕೊಂಡು ಲೋಳೆ ಲೋಳೆ, ಮೂರನೇ ದಿನ ಕಪ್ಪು ಬೂಷ್ಟು ಮುಚ್ಚಳಕ್ಕೆ ತಾಗೋ ಹಾಗೆ ಎದ್ದಿರತ್ತೆ, ಅಲ್ಲಿಗೆ ಮುಗೀತು. ಹಸಿ ಮಣ್ಣು 1 ಗ್ರಾಂ, ನೂರು ಪಟ್ಟು ಡೈಲ್ಯೂಷನ್, ನ್ಯೂಟ್ರಿಯೆಂಟ್ ಅಗಾರ್, 37 ಡಿಗ್ರಿ. ಬೂಷ್ಟು ತಡೆಯೋ ಔಷಧ ನಿಸ್ಟಾಟಿನ್ ಬೇರೆ ಹಾಕಿದೀನಿ, ಆದ್ರೂ ಬೂಷ್ಟು ನಿಲ್ತಿಲ್ಲ. ಸಬ್ಮಿಷನ್‌ಗೆ ಎರಡೇ ತಿಂಗಳು ಇರೋದು, ತುಂಬಾ ಟೆನ್ಷನ್ ಆಗಿದೆ.

ಹಳೇಬೆಂಚ್:
ನಿಸ್ಟಾಟಿನ್ ಹಾಕಿದ್ದು ಆಟೊಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಮೀಡಿಯಾ ಕ್ರಿಮಿಶುದ್ಧಿ ಮಾಡೋದಕ್ಕೆ) ಮುಂಚೆನಾ, ಆಮೇಲಾ?

ಎಂಎಸ್ಸಿ_ಶಿರಸಿ:
ಮುಂಚೆನೇ ಸರ್, ಮೀಡಿಯಾ ಜೊತೆಗೇ ಹಾಕ್ಬಿಟ್ಟೆ.

ಹಳೇಬೆಂಚ್:
ಬೂಷ್ಟಿಗೆ ಕಾರಣ ಅದೇ. ನಿಸ್ಟಾಟಿನ್ ಬಿಸಿ ತಡೆಯಲ್ಲ, ಆಟೊಕ್ಲೇವ್‌ನಲ್ಲೇ ಕೆಟ್ಟುಹೋಗತ್ತೆ, ನೀರಲ್ಲಿ ಸರಿಯಾಗಿ ಕರಗೋದೂ ಇಲ್ಲ. ಡಿಎಂಎಸ್ಒ ಅನ್ನೋ ದ್ರಾವಕದಲ್ಲಿ ಕರಗಿಸಿ ಇಟ್ಕೊಳ್ಳಿ, ಮೀಡಿಯಾ 45-50 ಡಿಗ್ರಿಗೆ ಇಳಿದ ಮೇಲೆ, ಅಂದ್ರೆ ಫ್ಲಾಸ್ಕ್ ಕೈಯಲ್ಲಿ ಹಿಡ್ಕೊಳ್ಳೋಕೆ ಆಗೋ ಹಾಗೆ ಆದಾಗ, ಮಿಲಿಗೆ 50 ಮೈಕ್ರೋಗ್ರಾಂ ಬರೋ ಹಾಗೆ ಸೇರಿಸಿ, ತಿರುಗಿಸಿ, ತಕ್ಷಣ ಸುರೀರಿ.

ಇನ್ನು ಬ್ಯಾಸಿಲಸ್. ನ್ಯೂಟ್ರಿಯೆಂಟ್ ಅಗಾರ್ ಅಂದ್ರೆ ಅದಕ್ಕೆ ಹಬ್ಬದೂಟ, ಬೇಗ ಬೆಳೆಯೋದೇ ಗೆಲ್ಲತ್ತೆ. ಸ್ಟಾರ್ಚ್ ಕೇಸಿನ್ ಅಗಾರ್ (ಪಿಷ್ಟ, ಹಾಲಿನ ಪ್ರೋಟೀನ್ ಇರೋ ಮೀಡಿಯಾ) ಮಾಡಿ, ಪಿಎಚ್ 7ರ ಹತ್ರ, 28 ಡಿಗ್ರಿ. ಹಸಿ ಮಣ್ಣು ಹಾಗೇ ಹಾಕ್ಬೇಡಿ. ಪೇಪರ್ ಮೇಲೆ ಹರಡಿ ನೆರಳಲ್ಲಿ ಒಂದು ವಾರ ಒಣಗಿಸಿ, ಜರಡಿ ಹಿಡೀರಿ, ಆಮೇಲೆ ಹಾಟ್ ಏರ್ ಓವನ್‌ನಲ್ಲಿ 100 ಡಿಗ್ರಿ ಒಂದು ಗಂಟೆ. ಸ್ಟ್ರೆಪ್ಟೊಮೈಸಿಸ್ ಸ್ಪೋರ್‌ಗಳು ಒಣ ಬಿಸಿ ತಡ್ಕೊಳ್ತವೆ, ಮಾಮೂಲಿ ಬ್ಯಾಕ್ಟೀರಿಯಾ ಬಹಳಷ್ಟು ಸಾಯ್ತವೆ. ಬ್ಯಾಸಿಲಸ್ ಸ್ಪೋರ್ ಮಾತ್ರ ಉಳ್ಕೊಳ್ಳತ್ತೆ, ಅದಕ್ಕೇ ಡೈಲ್ಯೂಷನ್ ಹತ್ತು ಸಾವಿರ, ಲಕ್ಷದವರೆಗೂ ಹೋಗಿ, ಮತ್ತೆ ಪ್ಲೇಟ್ ಮೇಲ್ಮೈ ಚೆನ್ನಾಗಿ ಒಣಗಿರ್ಬೇಕು, ನೀರು ಪಸೆ ಇದ್ರೆ ಬ್ಯಾಸಿಲಸ್ ಅದರ ಮೇಲೇ ಹರಡ್ಕೊಂಡು ಹೋಗತ್ತೆ.

ಎಲ್ಲಕ್ಕಿಂತ ಮುಖ್ಯ, ಕಾಯಿರಿ. ಮೂರನೇ ದಿನಕ್ಕೆ ಪ್ಲೇಟ್ ತೆಗೆದ್ರೆ ಇವು ಕಣ್ಣಿಗೆ ಬೀಳೋದೇ ಇಲ್ಲ. 7ರಿಂದ 14 ದಿನ ಬಿಡಿ.

ತೋಟದಮನೆ:
ತಂಗಿ, ನಂದೂ ಆ ಕಡೆನೇ. ತೋಟಕ್ಕೆ ಕೊಳೆರೋಗಕ್ಕೆ ಅಂತ ವರ್ಷಾ ವರ್ಷಾ ಮೈಲುತುತ್ತ-ಸುಣ್ಣ ಹೊಡೀತಾರಲ್ಲ, ಆ ತಾಮ್ರ ಎಲ್ಲ ಮಣ್ಣಿಗೇ ಇಳಿಯೋದು, ಅದರಿಂದ ಅಲ್ಲಿ ಇವು ಕಮ್ಮಿ ಇರಬಹುದು. ಹೋಲಿಕೆಗೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡು) ಮಣ್ಣೂ ತಗೋ. ಮೇಲಿನ ದರಕು (ಒಣ ಎಲೆ) ಸರಿಸಿ ಒಂದು ಗೇಣು ಕೆಳಗಿಂದ ತೆಗಿ, ಎರಡೂ ಪಕ್ಕ ಪಕ್ಕ ಹಾಕು.

ಎಂಎಸ್ಸಿ_ಶಿರಸಿ:
(ಮೂರು ವಾರ ಆದ್ಮೇಲೆ)
ಬಂತು!! ತೋಟದ ಮಣ್ಣಲ್ಲಿ 4, ಬೆಟ್ಟದ್ದರಲ್ಲಿ 11 ಕಾಲೊನಿ. ಐದನೇ ದಿನ ಸಾಸಿವೆಯಷ್ಟಿದ್ವು, ಹತ್ತನೇ ದಿನಕ್ಕೆ ಮೇಲೆ ಸುಣ್ಣದ ಪುಡಿ ಉದುರಿಸಿದ ಹಾಗೆ ಬೂದಿ ಬಣ್ಣ. ಲೂಪ್‌ನಿಂದ ಎತ್ತೋಕೆ ಹೋದ್ರೆ ಬರಲ್ಲ, ಅಗಾರ್‌ಗೆ ಬೇರು ಬಿಟ್ಟಂಗೆ ಕಚ್ಕೊಂಡಿವೆ. ಮುಚ್ಚಳ ತೆಗೆದ ತಕ್ಷಣ ಮೊದಲ ಮಳೆ ಬಿದ್ದಾಗಿನ ಮಣ್ಣಿನ ವಾಸನೆ, ಲ್ಯಾಬಲ್ಲಿ ಎಲ್ರೂ ತಿರುಗಿ ನೋಡಿದ್ರು.
ಕಾಲೊನಿ ಇರೋ ಅಗಾರ್ ತುಂಡು (ಪ್ಲಗ್) ತೆಗೆದು, ಪ್ಲೇಟ್ ತುಂಬ ಬೆಳೆಯೋಕೆ ಹರಡಿದ ಬ್ಯಾಸಿಲಸ್ ಸಬ್ಟಿಲಿಸ್ (ಲಾನ್) ಮೇಲೆ ಇಟ್ಟೆ, ಬೆಟ್ಟದ 7ನೇದು ಮಾತ್ರ ಸುತ್ತ ಬ್ಯಾಸಿಲಸ್ ಬೆಳೆಯದ ದೊಡ್ಡ ಕ್ಲಿಯರ್ ಜೋನ್ ಕೊಟ್ಟಿದೆ. ಇದು ಹೊಸ ಆಂಟಿಬಯಾಟಿಕ್ ಇರಬಹುದಾ ಸರ್?

ಹಳೇಬೆಂಚ್:
ತುಂಬಾ ಖುಷಿ ಆಯ್ತು. ಆ ವಾಸನೆ ಜಿಯೋಸ್ಮಿನ್ ಅನ್ನೋ ವಸ್ತುವಿಂದ, ಆದ್ರೆ ಮೂಗು ಹತ್ರ ಒಯ್ಯಬೇಡಿ, ಸ್ಪೋರ್ ಒಳಗೆ ಹೋಗತ್ತೆ. ಬರೀ ಮೀಡಿಯಾದ ಪ್ಲಗ್, ಅದೇ ನಿಸ್ಟಾಟಿನ್ ಹಾಕಿದ್ದು, ಕಂಟ್ರೋಲ್ ಇಟ್ಟು ಮತ್ತೆ ಮೂರು ಸಲ ಮಾಡಿ.
ಹೊಸದಾ ಅನ್ನೋದೇ ಈ ಕೆಲಸದಲ್ಲಿ ಕಷ್ಟದ ಪ್ರಶ್ನೆ. ಅಮೆರಿಕದ ರಟ್ಗರ್ಸ್ ಯೂನಿವರ್ಸಿಟಿಯಲ್ಲಿ ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನಿ ವಾಕ್ಸ್‌ಮನ್ ಲ್ಯಾಬಿಂದ 1942ರಲ್ಲಿ ಸ್ಟ್ರೆಪ್ಟೊಥ್ರಿಸಿನ್ ಅನ್ನೋ ಆಂಟಿಬಯಾಟಿಕ್ ಬಂತು, ಕಿಡ್ನಿಗೆ ವಿಷ ಅಂತ ಬಿಡಬೇಕಾಯ್ತು, ಮಾರನೇ ವರ್ಷ ಅಲ್ಲೇ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಹಿಡಿದ್ರು. ಅಲ್ಲಿಂದ ಇಲ್ಲೀವರೆಗೆ ಮಣ್ಣು ಹುಡುಕೋರಿಗೆಲ್ಲ ಇವೇ ಎರಡು ಮತ್ತೆ ಮತ್ತೆ ಸಿಗ್ತಾ ಇರ್ತವೆ. ಹಾಗಾಗಿ ಮೊದಲು ಸ್ಟ್ರೆಪ್ಟೊಮೈಸಿನ್ ರೆಸಿಸ್ಟೆಂಟ್ ಆದ (ಅದಕ್ಕೆ ಸಾಯದ) ಬ್ಯಾಕ್ಟೀರಿಯಾ ಸ್ಟ್ರೇನ್ ಎಲ್ಲಾದ್ರೂ ಸಿಕ್ಕರೆ ಅದರ ಮೇಲೂ ಪ್ಲಗ್ ಇಡಿ. ಜೋನ್ ಮಾಯ ಆದ್ರೆ ಹಳೇದೇ ಅಂತ ಅನುಮಾನ, ಉಳಿದ್ರೆ ಎಕ್ಸ್‌ಟ್ರ್ಯಾಕ್ಟ್ ಮಾಡಿ ಟಿಎಲ್‌ಸಿ, ಮಾಸ್ ಸ್ಪೆಕ್ಟ್ರಮ್ (ಎರಡೂ ವಸ್ತು ಯಾವುದು ಅಂತ ಗುರುತಿಸೋ ಪರೀಕ್ಷೆ) ಕಡೆ ಹೋಗಿ. ಹಳೇದೇ ಆದ್ರೂ ನಿಮ್ಮ ಪ್ರಾಜೆಕ್ಟ್‌ಗೆ ಏನೂ ಕಮ್ಮಿ ಆಗಲ್ಲ, ಹಾಗೇ ಬರೀರಿ.
ಕರ್ನಾಟಕದಲ್ಲೇ ಹುಟ್ಟಿದ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಪುಣೆ ಹತ್ರ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಇದೇ ತರ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ಗಳ ಮೇಲೆ ಕೆಲಸ ಮಾಡಿ ಹಮೈಸಿನ್ ಕೊಟ್ಟೋರು, ಫಂಗಸ್‌ಗೆ ಔಷಧ ಅದು. ಆದ್ರಿಂದ ನಿಮ್ಮ 7ನೇದನ್ನ ಬೂಷ್ಟಿನ ಮೇಲೂ ನೋಡಿ.
ಇನ್ನೊಂದು ಅರ್ಜೆಂಟ್ ವಿಷಯ. ಪದೇ ಪದೇ ಸಬ್‌ಕಲ್ಚರ್ ಮಾಡಿದ್ರೆ (ಹೊಸ ಪ್ಲೇಟ್‌ಗೆ ದಾಟಿಸ್ತಾ ಹೋದ್ರೆ) ಇವು ಆಂಟಿಬಯಾಟಿಕ್ ಮಾಡೋದನ್ನೇ ನಿಲ್ಲಿಸ್ಬಿಡಬಹುದು. ಇವತ್ತೇ 20 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ ಸ್ಪೋರ್ ಸ್ಟಾಕ್ ಮಾಡಿ ಡೀಪ್ ಫ್ರೀಜರ್‌ಗೆ ಹಾಕಿ.

ಎಂಎಸ್ಸಿ_ಶಿರಸಿ:
ಈಗಷ್ಟೇ ನಾಲ್ಕು ವಯಲ್ ಇಟ್ಟು ಬಂದೆ ಸರ್. ಲೇಬಲ್ ಮೇಲೆ "ಬೆಟ್ಟ-7" ಅಂತ ಬರ್ದಿದೀನಿ. ಕಂಟ್ರೋಲ್ ಪ್ಲೇಟ್ ನಾಳೆ.