ಬೋರ್ಡ್ ಮಾರುವುದನ್ನು ಬಿಟ್ಟು ಲೈಸೆನ್ಸಿಂಗ್‌ಗೆ ಹೊರಟ ಕಂಪನಿ, ಇದರಲ್ಲಿ ಉಳಿಯಬಹುದಾ?

ರೋಟರ್_ಕೋನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಕಂಪನಿಯಲ್ಲಿ ಫರ್ಮ್‌ವೇರ್ (ಉಪಕರಣದ ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಕೆಲಸ ಮಾಡುತ್ತೇನೆ. ಫ್ಯಾನ್, ಪಂಪ್ ಒಳಗೆ ಕೂರುವ ಮೋಟಾರ್ ಕಂಟ್ರೋಲ್ ಬೋರ್ಡ್ ಮಾಡಿ ಮಾರುತ್ತಿದ್ದೆವು. ಬೋರ್ಡ್ ಚೆನ್ನಾಗಿದೆ, ವಾಪಸ್ ಬಂದದ್ದು ತೀರಾ ಕಡಿಮೆ. ಆದರೆ ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಚಿಪ್ ಕೊಳ್ಳುತ್ತವೆ, ನಾವು ಸಾವಿರದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅವರ ಬೆಲೆಗೆ ನಮಗೆ ಗಿಟ್ಟುವುದಿಲ್ಲ. ಸ್ಟಾಕ್ ಹಾಗೇ ಬಿದ್ದಿದೆ, ಸಂಬಳ ಕಂತಿನಲ್ಲಿ ಬರುತ್ತಿದೆ.

ಮೊನ್ನೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಇನ್ನು ಬೋರ್ಡ್ ಮಾಡುವುದಿಲ್ಲ. ನಮ್ಮ ಸೆನ್ಸರ್‌ಲೆಸ್ ಲೈಬ್ರರಿಯನ್ನು (ಸೆನ್ಸರ್ ಇಲ್ಲದೆ ಮೋಟಾರ್ ಓಡಿಸುವ ಸಿದ್ಧ ಕೋಡ್) ಲೈಸೆನ್ಸ್ ಕೊಡುತ್ತೇವೆ, ಜೊತೆಗೆ ಬೇರೆ ಕಂಪನಿಗಳ ಪ್ರಾಡಕ್ಟ್ ಡೆವಲಪ್ ಮಾಡಿಕೊಡುತ್ತೇವೆ. ಪ್ರೊಡಕ್ಷನ್‌ನವರನ್ನೂ ಸೇಲ್ಸ್‌ನವರನ್ನೂ ಕಳಿಸಿದ್ದಾಯಿತು. ಉಳಿದವರು ಎಂಜಿನಿಯರ್‌ಗಳು ಮಾತ್ರ.

ನನಗೆ ಈ ಕೆಲಸದ ಮೇಲೆ ಪ್ರೀತಿ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೆನ್ಸರ್ ಇಲ್ಲದ ಮೋಟಾರಿನಲ್ಲಿ ರೋಟರ್, ಅಂದರೆ ತಿರುಗುವ ಭಾಗ, ಎಲ್ಲಿದೆ ಅಂತ ಬ್ಯಾಕ್ ಇಎಂಎಫ್ ನೋಡಿ ಅಂದಾಜು ಮಾಡಬೇಕು. ಅದು ತಿರುಗುವ ವೇಗಕ್ಕೆ ತಕ್ಕಂತೆ ಹುಟ್ಟುವ ವೋಲ್ಟೇಜ್. ಮೋಟಾರ್ ನಿಂತಿದ್ದಾಗ ಅದು ಸೊನ್ನೆ. ಹಾಗಾಗಿ ಸ್ಟಾರ್ಟ್ ಆಗುವ ಮೊದಲ ಕ್ಷಣದಲ್ಲೇ ಎಲ್ಲ ತೊಂದರೆ ಇರುವುದು. ಹಿಂದಕ್ಕೆ ಜರ್ಕ್ ಹೊಡೆಯದೆ, ಕಿರುಚದೆ ಮೋಟಾರ್ ಹೊರಡುವ ಹಾಗೆ ಮಾಡಲು ನಾವು ವರ್ಷಗಟ್ಟಲೆ ಒದ್ದಾಡಿದ್ದೇವೆ. ನಮ್ಮ ನಿಜವಾದ ಆಸ್ತಿ ಅದೇ.

ಈ ದಾರಿಯಲ್ಲಿ ಕಂಪನಿಗಳು ಉಳಿದುಕೊಳ್ಳುತ್ತವಾ? ಲೈಸೆನ್ಸ್ ದುಡ್ಡಿನಲ್ಲಿ ಸಂಬಳ ನಡೆಯುತ್ತಾ? ನಾನು ಇರಲಾ, ಬೇರೆ ಕಡೆ ನೋಡಲಾ?

ಹಳೇ_ಅಗ್ರಿಮೆಂಟ್

ಐಪಿ (ಬೌದ್ಧಿಕ ಆಸ್ತಿ) ಲೈಸೆನ್ಸಿಂಗ್ ಕಡೆ ಬಹಳ ಕಾಲ ಕೆಲಸ ಮಾಡಿದವನು ನಾನು. ಅಗ್ರಿಮೆಂಟ್ ಬರೆಯುವ ವಕೀಲರ ಪಕ್ಕ ಕೂತು ಟೆಕ್ನಿಕಲ್ ಅನೆಕ್ಷರ್ (ಅನುಬಂಧ) ಬರೆಯುತ್ತಿದ್ದೆ.

ನಿಮ್ಮವರು ಒಂದೇ ಉಸಿರಿನಲ್ಲಿ ಹೇಳಿದ್ದು ಎರಡು ಬೇರೆ ವ್ಯಾಪಾರ. ಲೈಸೆನ್ಸಿಂಗ್ ಅಂದರೆ ಒಮ್ಮೆ ಮಾಡಿದ್ದನ್ನು ಹಲವರಿಗೆ ಕೊಡುವುದು. ಕಾಂಟ್ರಾಕ್ಟ್ ಡೆವಲಪ್‌ಮೆಂಟ್ ಅಂದರೆ ನಿಮ್ಮ ಸಮಯ ಮಾರುವುದು. ಎರಡಕ್ಕೂ ಬೇಕಾಗುವುದು ಅದೇ ನಾಲ್ಕು ಜನ. ನಾನು ಹೆದರುವುದು ಅಲ್ಲಿಗೇ.

ದುಡ್ಡು ಬರುವ ರೀತಿ ನೋಡಿ. ಲೈಸೆನ್ಸ್ ಫೀ ಸಹಿ ಹಾಕಿದಾಗ ಒಂದಿಷ್ಟು, ಡೆಲಿವರಿ ಆದಾಗ ಒಂದಿಷ್ಟು ಬರುತ್ತದೆ. ರಾಯಲ್ಟಿ, ಅಂದರೆ ಮಾರಾಟವಾದ ಮಾಲಿನ ಮೇಲೆ ಬರುವ ಪಾಲು, ಹಾಗಲ್ಲ. ಗಿರಾಕಿ ನಿಮ್ಮ ಲೈಬ್ರರಿ ಹಾಕಿ ಡಿಸೈನ್ ಮುಗಿಸಬೇಕು, ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಪ್ರೊಡಕ್ಷನ್‌ಗೆ ಹೋಗಬೇಕು, ಮಾಲು ಮಾರಾಟ ಆಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕಳಿಸುತ್ತಾರೆ, ಅದಾದ ಮೇಲೆ ಹಣ. ಇವತ್ತು ಸಹಿ ಬಿದ್ದರೂ ರಾಯಲ್ಟಿ ಕಾಣುವುದಕ್ಕೆ ವರ್ಷಗಳು ಹಿಡಿಯಬಹುದು.

ಪ್ರೊಸೆಸರ್ ಡಿಸೈನ್ ಮಾಡುವ ಆರ್ಮ್ ಕಂಪನಿಯ ಉದಾಹರಣೆ ಕೊಟ್ಟು ಧೈರ್ಯ ತುಂಬುವವರು ಸಿಗುತ್ತಾರೆ. ನಿಜ, ಅದು ಚಿಪ್ ಮಾಡದೆ ಡಿಸೈನ್ ಮಾತ್ರ ಲೈಸೆನ್ಸ್ ಕೊಟ್ಟು ಬೆಳೆಯಿತು. ಆದರೆ 1990ರಲ್ಲಿ ಶುರುವಾದಾಗ ಆಪಲ್, ಏಕಾರ್ನ್, ವಿಎಲ್‌ಎಸ್‌ಐ ಮೂರೂ ಕಂಪನಿಗಳು ಬೆನ್ನಿಗಿದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಲೈಸೆನ್ಸ್ ತೆಗೆದುಕೊಂಡದ್ದು 1993ರಲ್ಲಿ. ಆರ್ಮ್‌ಗೆ ಹೆಸರು ತಂದ ನೋಕಿಯಾ 6110 ಫೋನ್ ಬಂದದ್ದು 1997–98ರ ಹೊತ್ತಿಗೆ. ಅಷ್ಟು ಕಾಲ ತಡೆದುಕೊಳ್ಳುವ ಶಕ್ತಿ ಇತ್ತು. ಸಂಬಳ ಕಂತಿನಲ್ಲಿ ಕೊಡುವ ಕಂಪನಿಗೆ ಅದು ಇರುವುದಿಲ್ಲ, ಅಲ್ವಾ? ಅದಕ್ಕೇ ಕಾಂಟ್ರಾಕ್ಟ್ ಕೆಲಸ ಬೇಕಾಗುತ್ತದೆ. ಅದು ತಪ್ಪಲ್ಲ. ಆದರೆ ಯಾರು ಯಾವುದಕ್ಕೆ ಅಂತ ಮೊದಲೇ ಗೆರೆ ಎಳೆಯಬೇಕು.

ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಕೂರುವುದೂ ಅಪಾಯ. ಇಮ್ಯಾಜಿನೇಷನ್ ಟೆಕ್ನಾಲಜೀಸ್‌ಗೆ (ಗ್ರಾಫಿಕ್ಸ್ ಡಿಸೈನ್ ಲೈಸೆನ್ಸ್ ಕೊಡುವ ಕಂಪನಿ) ಆದಾಯದ ಅರ್ಧದಷ್ಟು ಆಪಲ್‌ನಿಂದಲೇ ಬರುತ್ತಿತ್ತು. ಇನ್ನು ನಿಮ್ಮ ಗ್ರಾಫಿಕ್ಸ್ ಬೇಡ ಅಂತ ಆಪಲ್ ಹೇಳಿದ ಸುದ್ದಿ 2017ರ ಏಪ್ರಿಲ್‌ನಲ್ಲಿ ಹೊರಬಿತ್ತು. ಶೇರು ಒಂದೇ ದಿನದಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ ಕುಸಿಯಿತು. ಅದೇ ವರ್ಷ ಕಂಪನಿಯನ್ನೇ ಮಾರಿದರು.

ನೀಲಿ_ವೇಫರ್

ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದದ್ದು ಟ್ರಾನ್ಸ್‌ಮೆಟಾ ಅನ್ನುವ ಚಿಪ್ ಕಂಪನಿ. ಆರ್ಮ್‌ಗಿಂತ ನಿಮ್ಮ ಸ್ಥಿತಿಗೆ ಇದೇ ಹತ್ತಿರ.

2000ದ ಜನವರಿಯಲ್ಲಿ ಕ್ರೂಸೋ ಅಂತ ಕಡಿಮೆ ಕರೆಂಟ್ ತಿನ್ನುವ ಪ್ರೊಸೆಸರ್ ತಂದರು. ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಆಗ ಅಲ್ಲೇ ಕೆಲಸದಲ್ಲಿದ್ದರು, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲಿತ್ತು. ಆದರೆ ಚಿಪ್ ಮಾರಿ ಬದುಕಲು ಆಗಲಿಲ್ಲ. 2005ರ ಮಾರ್ಚ್‌ನಲ್ಲಿ ಜನರನ್ನು ಕಡಿತ ಮಾಡಿ, ಲೈಸೆನ್ಸಿಂಗ್ ಮತ್ತು ಎಂಜಿನಿಯರಿಂಗ್ ಸರ್ವಿಸ್ ಕಡೆ ತಿರುಗಿದರು. ಉಳಿದದ್ದು 208 ಜನ. ಅದರಲ್ಲಿ ಸುಮಾರು ಅರ್ಧ ಜನ ಸೋನಿ ಕಂಪನಿಯ ಕೆಲಸಕ್ಕೆ ಕೂತರು. ಲಾಂಗ್‌ರನ್2 ಅನ್ನುವ ತಮ್ಮ ಪವರ್ ಉಳಿಸುವ ತಂತ್ರವನ್ನು ಸೋನಿಯ ಚಿಪ್‌ಗಳಿಗೆ ಹೊಂದಿಸುವ ಕೆಲಸ ಅದು.

2007ರಲ್ಲಿ ಆ ಸರ್ವಿಸ್ ವಿಭಾಗವನ್ನೂ ಮುಚ್ಚಿದರು. 75 ಜನ ಹೋದರು. ಅದೇ ವರ್ಷ ಟ್ರಾನ್ಸ್‌ಮೆಟಾ ಹಾಕಿದ್ದ ಪೇಟೆಂಟ್ ದಾವೆಯಲ್ಲಿ ಇಂಟೆಲ್ ರಾಜಿಗೆ ಬಂತು: 15 ಕೋಟಿ ಡಾಲರ್ ಕೂಡಲೇ, ಆಮೇಲೆ ಐದು ವರ್ಷ ವರ್ಷಕ್ಕೆ 2 ಕೋಟಿ. ಕಂಪನಿಗೆ ದೊಡ್ಡ ದುಡ್ಡು ಬಂತು, ಆದರೆ ಅದನ್ನು ತಂದ ತಲೆಗಳಲ್ಲಿ ಎಷ್ಟೋ ಜನ ಅಷ್ಟರಲ್ಲಿ ಹೊರಗಿದ್ದರು. 2009ರ ಜನವರಿಯಲ್ಲಿ ನೋವಾಫೋರಾ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು.

ಶೇರು ಇಟ್ಟವರ ಲೆಕ್ಕ ಒಂದು, ಬೆಂಚಿನ ಮುಂದೆ ಕೂತವರ ಲೆಕ್ಕ ಇನ್ನೊಂದು. ಕಂಪನಿ ಉಳಿಯುತ್ತಾ ಅಂತ ಕೇಳುವ ಜೊತೆಗೆ, ಉಳಿದ ಕಂಪನಿಯಲ್ಲಿ ನಿಮ್ಮಂಥವರಿಗೆ ಜಾಗ ಇರುತ್ತಾ ಅಂತಲೂ ಕೇಳಿ.

ರೋಟರ್_ಕೋನ

ಇಬ್ಬರಿಗೂ ಧನ್ಯವಾದ. ಟ್ರಾನ್ಸ್‌ಮೆಟಾ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ಕೇಳಬೇಕು. ಮೊದಲ ಕಾಂಟ್ರಾಕ್ಟ್ ಗಿರಾಕಿ ಒಂದು ಡ್ರಾಫ್ಟ್ ಕಳಿಸಿದ್ದಾರೆ. ಅವರಿಗೆ ಬೇಕಾಗಿರುವುದು ಪಂಪ್ ಕಂಟ್ರೋಲರ್. ಅದರಲ್ಲಿ ‘ಈ ಪ್ರಾಜೆಕ್ಟ್‌ನಲ್ಲಿ ತಯಾರಾದ ಮತ್ತು ಬಳಸಿದ ಎಲ್ಲ ಕೋಡ್ ಗಿರಾಕಿಯ ಸ್ವತ್ತು’ ಅನ್ನುವ ಅರ್ಥ ಬರುವ ಸಾಲಿದೆ. ನಮ್ಮ ಯಜಮಾನರು ‘ಈಗ ಅಡ್ವಾನ್ಸ್ ಬರಲಿ, ಆಮೇಲೆ ನೋಡೋಣ’ ಅನ್ನುತ್ತಿದ್ದಾರೆ. ಪಂಪ್‌ಗೂ ಮೋಟಾರ್ ಹೊರಡಿಸುವ ನಮ್ಮ ಅದೇ ಸ್ಟಾರ್ಟ್‌ಅಪ್ ಕೋಡ್ ಬೇಕು. ಇದಕ್ಕೆ ಸಹಿ ಹಾಕಿದರೆ ಏನಾಗುತ್ತದೆ?

ಹಳೇ_ಅಗ್ರಿಮೆಂಟ್

ದಯವಿಟ್ಟು ಹಾಗೇ ಸಹಿ ಹಾಕಲು ಬಿಡಬೇಡಿ. ‘ಬಳಸಿದ’ ಅನ್ನುವ ಆ ಒಂದು ಪದದಲ್ಲಿ ನಿಮ್ಮ ಲೈಬ್ರರಿ ಪೂರ್ತಿ ಅವರ ಪಾಲಾಗಬಹುದು. ಆಮೇಲೆ ಲೈಸೆನ್ಸ್ ಕೊಡಲು ನಿಮ್ಮ ಕೈಯಲ್ಲಿ ಏನಿರುತ್ತದೆ? ಒಂದು ಪಂಪ್ ಪ್ರಾಜೆಕ್ಟ್‌ಗೋಸ್ಕರ ಇಡೀ ಹೊಸ ವ್ಯಾಪಾರವನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ಈ ಕ್ಷೇತ್ರದಲ್ಲಿ ಇದನ್ನು ಬ್ಯಾಕ್‌ಗ್ರೌಂಡ್ ಐಪಿ, ಫೋರ್‌ಗ್ರೌಂಡ್ ಐಪಿ ಅಂತ ಬೇರೆ ಮಾಡುತ್ತಾರೆ. ಪ್ರಾಜೆಕ್ಟ್‌ಗೆ ಮೊದಲೇ ನಿಮ್ಮಲ್ಲಿ ಇದ್ದದ್ದು ಬ್ಯಾಕ್‌ಗ್ರೌಂಡ್. ಅದು ನಿಮ್ಮದೇ. ಅವರ ಆ ಪ್ರಾಡಕ್ಟ್‌ನಲ್ಲಿ ಬಳಸಲು ಲೈಸೆನ್ಸ್ ಮಾತ್ರ ಕೊಡಿ. ಅವರ ದುಡ್ಡಿನಲ್ಲಿ ಹೊಸದಾಗಿ ಹುಟ್ಟಿದ್ದು ಫೋರ್‌ಗ್ರೌಂಡ್. ಅದನ್ನು ಅವರಿಗೆ ಬಿಟ್ಟರೂ ನಡೆಯುತ್ತದೆ. ಆದರೆ ನಿಮ್ಮ ಲೈಬ್ರರಿಗೆ ಮಾಡಿದ ಸುಧಾರಣೆ ಯಾರದ್ದು ಅಂತ ಪ್ರತ್ಯೇಕವಾಗಿ ಬರೆಸಿ. ಜಗಳ ಹುಟ್ಟುವುದೇ ಅಲ್ಲಿ. ಅವರ ಪಂಪಿಗೆ ಟ್ಯೂನ್ ಮಾಡುವಾಗ ಕೋರ್‌ನಲ್ಲಿ (ಲೈಬ್ರರಿಯ ಮೂಲ ಕೋಡ್‌ನಲ್ಲಿ) ಒಂದು ಬಗ್ ಸಿಗುತ್ತದೆ, ನೀವು ಸರಿ ಮಾಡುತ್ತೀರಿ. ಆ ಫಿಕ್ಸ್ ಬೇರೆ ಗಿರಾಕಿಗೆ ಕೊಡುವ ಹಕ್ಕು ನಿಮಗೆ ಇರಲೇಬೇಕು.

ಎಂಜಿನಿಯರ್ ಆಗಿ ನೀವು ಈ ವಾರವೇ ಮಾಡಬಹುದಾದ ಕೆಲಸವೂ ಇದೆ. ಕೋರ್ ಲೈಬ್ರರಿಯನ್ನು ಬೇರೆ ರೆಪಾಸಿಟರಿಗೆ (ಕೋಡ್ ಇಡುವ ಕಣಜ) ಹಾಕಿ. ಸಹಿಗೆ ಮೊದಲು ಆಗಿನ ಆವೃತ್ತಿಗೆ ಟ್ಯಾಗ್ ಮಾಡಿ, ಅದರ ಗುರುತಾದ ಕಮಿಟ್ ಹ್ಯಾಶ್ ಅನ್ನು ಅಗ್ರಿಮೆಂಟಿನ ಅನೆಕ್ಷರ್‌ನಲ್ಲಿ ಬರೆಸಿ. ಗಿರಾಕಿಯ ಪಿನ್ ಸೆಟ್ಟಿಂಗ್, ಕಮ್ಯುನಿಕೇಶನ್, ಪಂಪಿನ ಲಾಜಿಕ್ ಎಲ್ಲ ಇನ್ನೊಂದು ರೆಪಾಸಿಟರಿಯಲ್ಲಿ ಇರಲಿ. ಆಮೇಲೆ ಯಾವುದು ಯಾರದ್ದು ಅನ್ನುವ ಪ್ರಶ್ನೆ ಬಂದರೆ ನೆನಪಿನ ಮೇಲೆ ವಾದ ಮಾಡಬೇಕಾಗುವುದಿಲ್ಲ. ಯಜಮಾನರಿಗೆ ಐಪಿ ಬಲ್ಲ ವಕೀಲರೊಬ್ಬರಿಗೆ ಡ್ರಾಫ್ಟ್ ತೋರಿಸಲು ಹೇಳಿ. ಆ ಫೀ ಉಳಿಸುವ ಹೊತ್ತಲ್ಲ ಇದು.

ಗಿರಾಕಿಗೂ ಒಂದು ನ್ಯಾಯವಾದ ಭಯ ಇರುತ್ತದೆ: ನಿಮ್ಮ ಕಂಪನಿ ಮುಚ್ಚಿದರೆ ಅವರ ಗತಿ ಏನು? ಅದಕ್ಕೆ ಸೋರ್ಸ್ ಎಸ್ಕ್ರೋ ಇದೆ. ಕೋಡ್ ಮೂರನೆಯವರ ಬಳಿ ಇರುತ್ತದೆ, ನೀವು ಮುಚ್ಚಿಕೊಂಡರೆ ಮಾತ್ರ ಅವರಿಗೆ ಸಿಗುತ್ತದೆ. ಮಾಲೀಕತ್ವ ಕೇಳುವವರು ಎಷ್ಟೋ ಸಲ ಇಷ್ಟಕ್ಕೇ ಒಪ್ಪುತ್ತಾರೆ.

ಬೆಂಚ್_ಮೇಲೆ_ಮೋಟಾರ್

ನಾನು ಕೊಳ್ಳುವ ಕಡೆಯವಳು. ಹೊರಗಿನವರ ಲೈಬ್ರರಿ ತೆಗೆದುಕೊಂಡು ನಮ್ಮ ಪ್ರಾಡಕ್ಟ್‌ಗೆ ಹಾಕುವ ಟೀಮ್ ನಮ್ಮದು. ರೋಟರ್_ಕೋನ ಅವರೇ, ನಿಮ್ಮ ಸ್ಟಾರ್ಟ್‌ಅಪ್ ಕೋಡ್ ನಿಮ್ಮ ಕೈಯಲ್ಲಿ ಚೆನ್ನಾಗಿ ನಡೆದರೆ ನಮಗೆ ಸಾಲದು. ನೀವು ಪಕ್ಕದಲ್ಲಿ ಇಲ್ಲದಾಗ ನಮ್ಮ ಕೈಯಲ್ಲಿ ನಡೆಯಬೇಕು.

ಹಿಂದೆ ಒಮ್ಮೆ ಒಂದು ಲೈಬ್ರರಿ ತಂದಿದ್ದೆವು. ಡೆಮೋ ಮೋಟಾರ್ ಬೆಣ್ಣೆಯ ಹಾಗೆ ತಿರುಗಿತು. ನಮ್ಮ ಮೋಟಾರ್ ಹಾಕಿದರೆ ನಡುಗಿ ನಿಂತುಬಿಟ್ಟಿತು. ಸ್ಟೇಟರ್ (ಮೋಟಾರಿನ ತಿರುಗದ ಭಾಗ) ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ಅಳೆದು ಹಾಕಿದ ಮೇಲೂ ಇನ್ನೊಂದಿಷ್ಟು ಗೇನ್‌ಗಳಿದ್ದವು, ಅಂದರೆ ಕಂಟ್ರೋಲ್ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಅನ್ನುವ ಸೆಟ್ಟಿಂಗ್‌ಗಳು. ಅವಕ್ಕೆ ಎಷ್ಟು ಕೊಡಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಕೇಳಿದರೆ ಅವರ ಎಂಜಿನಿಯರ್ ಬೇರೆ ಗಿರಾಕಿಯ ಪ್ರಾಜೆಕ್ಟ್‌ನಲ್ಲಿ ಇದ್ದಾರೆ ಅಂತ ಉತ್ತರ. ಮೇಲೆ ಹೇಳಿದ ‘ಅದೇ ನಾಲ್ಕು ಜನ’ ಇದೇ. ನಾವು ಎರಡನೇ ಪ್ರಾಡಕ್ಟ್‌ಗೆ ಅವರ ಹತ್ತಿರ ಹೋಗಲಿಲ್ಲ.

ಹಾಗಾಗಿ ಲೈಸೆನ್ಸ್ ಕೊಡುವ ಮೊದಲು ಟ್ಯೂನಿಂಗ್ ಗೈಡ್ ಬರೆಯಿರಿ. ಯಾವ ಗೇನ್ ಜಾಸ್ತಿ ಆದರೆ ಕರೆಂಟ್ ವೇವ್‌ಫಾರ್ಮ್ ಹೇಗೆ ಕೆಡುತ್ತದೆ ಅಂತ ಸ್ಕೋಪ್ (ಅಲೆಯ ಆಕಾರ ತೋರಿಸುವ ಉಪಕರಣ) ಚಿತ್ರ ಹಾಕಿ. ಸ್ಟಾರ್ಟ್ ಆಗದಿದ್ದರೆ ಬರೀ ಫಾಲ್ಟ್ ಅನ್ನಬೇಡಿ, ಯಾವ ಹಂತದಲ್ಲಿ ಸೋತಿತು ಅಂತ ಎರರ್ ಕೋಡ್ ಕೊಡಿ. ಸಪೋರ್ಟ್‌ಗೆ ತಿಂಗಳಿಗೆ ಇಷ್ಟು ಗಂಟೆ ಅಂತ ಲೈಸೆನ್ಸ್‌ನಲ್ಲೇ ಸೇರಿಸಿ, ಮೀರಿದರೆ ಬೇರೆ ಬಿಲ್ ಮಾಡಿ. ನಾವು ಅದಕ್ಕೆ ಸಂತೋಷದಿಂದ ಕೊಡುತ್ತೇವೆ, ಯಾಕೆಂದರೆ ಫೋನ್ ಎತ್ತುವವರು ಇದ್ದಾರೆ ಅಂತ ಗೊತ್ತಿರುತ್ತದೆ.

ಇರಲಾ, ಹೋಗಲಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ: ಈ ಗೈಡ್ ಬರೆಯಲು ಯಜಮಾನರು ನಿಮಗೆ ಸಮಯ ಕೊಟ್ಟರೆ ಇರಿ, ಅವರು ನಿಜವಾಗಿ ಲೈಸೆನ್ಸಿಂಗ್ ಮಾಡಲು ಹೊರಟಿದ್ದಾರೆ. ‘ಮೊದಲು ಪಂಪ್ ಮುಗಿಸು’ ಅಂತಲೇ ತಿಂಗಳುಗಟ್ಟಲೆ ಹೇಳುತ್ತಿದ್ದರೆ ನಿಮ್ಮ ರೆಸ್ಯೂಮ್ ತಯಾರು ಮಾಡಿಕೊಳ್ಳಿ.

ರೋಟರ್_ಕೋನ

ಮೇಡಂ, ಎರರ್ ಕೋಡ್ ಮಾತು ಸರಿಯಾಗಿ ತಟ್ಟಿತು. ನಮ್ಮದರಲ್ಲಿ ಸ್ಟಾರ್ಟ್‌ಅಪ್‌ನ ಎಲ್ಲ ಹಂತಕ್ಕೂ ಒಂದೇ ಫಾಲ್ಟ್ ಇದೆ. ಅಲೈನ್ (ರೋಟರನ್ನು ಒಂದು ಜಾಗಕ್ಕೆ ತರುವುದು), ಓಪನ್ ಲೂಪ್ ರ‍್ಯಾಂಪ್ (ಸ್ಥಾನ ನೋಡದೆ ವೇಗ ಏರಿಸುವುದು), ಕ್ಲೋಸ್ಡ್ ಲೂಪ್‌ಗೆ (ಅಂದಾಜು ಮಾಡಿದ ಸ್ಥಾನ ನೋಡಿ ಓಡಿಸುವುದಕ್ಕೆ) ಬದಲಾಗುವ ಹಂತ, ಈ ಮೂರಕ್ಕೂ ಬೇರೆ ಬೇರೆ ಕೋಡ್ ಹಾಕಲು ಶುರು ಮಾಡಿದ್ದೇನೆ.

ಕೋರ್ ರೆಪಾಸಿಟರಿ ಬೇರೆ ಮಾಡಿ ಟ್ಯಾಗ್ ಹಾಕಿದೆ. ಡ್ರಾಫ್ಟ್‌ನ ಆ ಸಾಲಿಗೆ ಗೆರೆ ಹೊಡೆದು, ಎಸ್ಕ್ರೋ ವಿಷಯ ಪಕ್ಕದಲ್ಲಿ ಬರೆದು ಯಜಮಾನರಿಗೆ ಕಳಿಸಿದ್ದೇನೆ. ಸೋಮವಾರ ಗಿರಾಕಿ ಜೊತೆ ಮಾತುಕತೆ ಇದೆ, ನನ್ನನ್ನೂ ಕೂರಲು ಹೇಳಿದ್ದಾರೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.